ದಾಸಪ್ಪ ಮತ್ತಿತರರು

ನಮ್ಮಕ್ಕ ಶಾಂತಲಾ ಪರಮಾಣು ಭೌತವಿಜ್ಞಾನಿ ಎಂದು ಹೇಳಿ ನಾನು ಇದುವರೆಗೂ ಸುಖಪಟ್ಟಿಲ್ಲ. ಹೊನ್ನಾಳಿಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರ್, ಹೆಸರು ಪವಿತ್ರ, ಬಾಯಿ ಸ್ವಲ್ಪ ಜೋರು ಎಂದು ಹೆಸರಾದವಳು. ಸ್ಟಾಫ್ ರೂಮಿನಲ್ಲಿ ಅಕ್ಕನ ಕೆಲಸದ ಮಾತು ಬಂತೆಂದರೆ ಯಾರಾದರೊಬ್ಬರು, “ಬಾಂಬ್ ಮಾಡ್ತಾರೇನ್ರಿ?” ಎಂದು ಕೇಳಿಯೇ ಕೇಳುತ್ತಾರೆ. ಇಲ್ಲ ಮಹರಾಯರೇ, ಮಾಡುವುದಿಲ್ಲ. ದೀಪಾವಳಿಯಲ್ಲಿ ಸುರುಸುರು ಬತ್ತಿ ಹಚ್ಚುವಾಗಲೂ ಮುಖ ಅತ್ತ ತಿರುಗಿಸಿಕೊಳ್ಳುವ ಹೆಂಗಸು ಅವಳು.

ಅವಳು ಮಾಡುವುದು ಲೆಕ್ಕ. ಸೂರ್ಯನ ಸುತ್ತ ಒಂದು ಪ್ರಭೆ ಇರುತ್ತದಂತೆ, ಪೂರ್ಣ ಗ್ರಹಣದ ದಿನ ಮಾತ್ರ ಬರಿಗಣ್ಣಿಗೆ ಕಾಣುವಂಥದ್ದು. ಅಲ್ಲಿಯ ಶಾಖಕ್ಕೆ ಕಬ್ಬಿಣದ ಪರಮಾಣು ತನ್ನ ಎಲೆಕ್ಟ್ರಾನುಗಳಲ್ಲಿ ಅರ್ಧದಷ್ಟನ್ನು ಕಳೆದುಕೊಂಡುಬಿಡುತ್ತದೆ. ಉಳಿದವುಗಳಲ್ಲಿ ಒಂದು ಮೇಲಿನ ಮೆಟ್ಟಿಲಿಗೆ ಜಿಗಿದು, ಅಲ್ಲಿ ಕೊಂಚ ಹೊತ್ತು ಇದ್ದು, ಕೆಳಗಿಳಿಯುವಾಗ ಬೆಳಕು ಬಿಡುತ್ತದೆ. ಎಷ್ಟು ಹೊತ್ತು ಇರುತ್ತದೆ, ಯಾವ ಬಣ್ಣದ ಬೆಳಕು ಬಿಡುತ್ತದೆ ಎಂದು ಅಕ್ಕ ಲೆಕ್ಕ ಹಾಕುತ್ತಾಳೆ. ನನಗೆ ಅರ್ಥವಾಗಿರುವುದು ಇಷ್ಟೇ. ಅಕ್ಕ ಇದನ್ನು ನಮ್ಮವ್ವ ಕಲ್ಲಮ್ಮನಿಗೆ ಹೇಳಿದಾಗ ಅವ್ವ ಬೇರೆಯದೇ ದಾರಿ ಹಿಡಿದಳು.

“ಸೂರ್ಯನಾಗೆ ಕಬ್ಬಿಣ ಐತಾ? ಯಾರು ತಗಂಡು ಹೋಗಿಟ್ರು?”

“ಮೊದಲಿಂದ್ಲೂ ಐತೆ ಕಣವ್ವ.”

“ಹಂಗಾರೆ ಮೊದಲಿಂದ್ಲೂ ಇರೋದ್ನ ಈಗ ಎಣಿಸಾಕೆ ಹತ್ತೀಯಲ್ಲ, ಏನ್ ಪ್ರಯೋಜ್ನ?”

ಅಕ್ಕ ನಕ್ಕು ಮತ್ತೆ ಕಾಗದ ಪೆನ್ನು ಹಿಡಿದಳು. ಅವಳ ಗುಣವೇ ಹಾಗೆ. ಇಬ್ಬರ ಪಾಲಿನ ಮಾತನ್ನೂ ನಾನೇ ಆಡಬೇಕು.

ಅಕ್ಕ ಪಾಠ ಹೇಳುವುದು ನ್ಯಾಮತಿಯ ಒಂದು ಡಿಗ್ರಿ ಕಾಲೇಜಿನಲ್ಲಿ, ಮನೆ ಇರುವುದು ಚನ್ನಗಿರಿಯಲ್ಲಿ. ದಿನಾ ಹೊನ್ನಾಳಿಯಲ್ಲಿ ಬಸ್ಸು ಬದಲಿಸುತ್ತಾಳೆ. ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಸಂಶೋಧನೆ, ಸಿಗದಿದ್ದರೆ ಬರಿ ಯೋಚನೆ. ಅವಳ ಗಂಡ, ಅಂದರೆ ನನ್ನ ಭಾವ ಗುರುಬಸವರಾಜ್, ಚನ್ನಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದಾರೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು. ತಾಲ್ಲೂಕಿನ ಅರ್ಧ ಜನ ಅವರ ಕಾರ್ಡಿನ ಮೇಲೆಯೇ ಗಂಡ ಹೆಂಡತಿ ಆಗಿದ್ದಾರೆ.

ಕಾಲೇಜಿನಲ್ಲಿ ಒಳ್ಳೆಯ ಕಂಪ್ಯೂಟರ್ ಇರಲಿಲ್ಲ. ಪ್ರೆಸ್ಸಿನಲ್ಲಿ ಇತ್ತು. ಆದರೆ ಲಗ್ನದ ಕಾಲದಲ್ಲಿ ಅದನ್ನು ಮುಟ್ಟುವ ಹಾಗಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಎರಡೂ ಕಡೆಯ ಬೀಗರು ಸಾಲಾಗಿ ನಿಂತಿರುತ್ತಾರೆ. ಆಷಾಢ ಬಂತೆಂದರೆ ಮಾತ್ರ ಪ್ರೆಸ್ಸು ತಣ್ಣಗಾಗುತ್ತದೆ. ಆ ತಿಂಗಳು ಯಾರೂ ಮದುವೆ ಮಾಡುವುದಿಲ್ಲವಲ್ಲ. ಭಾವ ಗಲ್ಲಾ ಪೆಟ್ಟಿಗೆಯ ಮೇಲೆ ಕೈಯಿಟ್ಟು ಆಕಳಿಸುತ್ತಾರೆ, ಕಂಪ್ಯೂಟರ್ ಅಕ್ಕನ ಕೈಗೆ ಬರುತ್ತದೆ. ಜಗತ್ತಿನಲ್ಲಿ ಬೇರೆ ಯಾವ ವಿಜ್ಞಾನಿ ಪಂಚಾಂಗ ನೋಡಿ ಸಂಶೋಧನೆ ಮಾಡಿದ್ದಾನೋ ನನಗೆ ಗೊತ್ತಿಲ್ಲ. ನಮ್ಮಕ್ಕ ಮಾಡಿದ್ದಾಳೆ. ಅಧಿಕ ಮಾಸ ಬಂದ ವರ್ಷ ಅವಳ ಮುಖ ನೋಡಬೇಕು, ತವರಿಗೆ ಹೊರಟವಳ ಹಾಗೆ ಅರಳಿರುತ್ತದೆ.

ಆ ಪೇಪರಿನ ಕಥೆಯೂ ಹೀಗೆ ಒಂದು ಆಷಾಢದಲ್ಲಿ ಶುರುವಾಯಿತು, ಇಸವಿ ಎರಡು ಸಾವಿರದ ಹನ್ನೆರಡು. ಕಬ್ಬಿಣದ ಲೆಕ್ಕ ಮುಗಿದಿತ್ತು. ಅಕ್ಕನಿಗೆ ಪಿಎಚ್.ಡಿ. ಮಾಡಿಸಿದ ಗೈಡ್ ಆ ವರ್ಷವೇ ತೀರಿಕೊಂಡಿದ್ದರು. ಶುರುವಿನಲ್ಲಿ ದಾರಿ ತೋರಿಸಿದವರು ಎಂದು ಅವರ ಹೆಸರನ್ನು ತನ್ನ ಹೆಸರಿನ ನಂತರ ಬರೆದಿದ್ದಳು. ಲೆಕ್ಕವೆಲ್ಲ ಅವಳದೇ, ಹೆಸರು ಮೊದಲು ಅವಳದು. ಕೊನೆಯ ಪುಟದಲ್ಲಿ ಕೃತಜ್ಞತೆ ಎಂದು ಒಂದು ಸಾಲು: ‘ನನ್ನ ಹೈಸ್ಕೂಲ್ ಗುರುಗಳಾದ ಶ್ರೀ ದಾಸಪ್ಪ, ಜಗಳೂರು, ಇವರಿಗೆ ನಮನ.’ ಅವಳಿಗೆ ಆಗ ಏಳು ತಿಂಗಳು. ಕೈಬರಹದ ಕಾಗದಗಳನ್ನು ಭಾವನ ಕೈಗೆ ಕೊಟ್ಟು, “ಟೈಪ್ ಮಾಡಿ ಕಳಿಸ್ರಿ, ಮತ್ತೆ ಏನೂ ಬದ್ಲಾಯಿಸಬ್ಯಾಡ್ರಿ,” ಎಂದು ಹೇಳಿ ಬಾಣಂತನಕ್ಕೆ ತ್ಯಾವಣಿಗೆಗೆ, ಅವ್ವನ ಮನೆಗೆ ಬಂದಳು.

ಭಾವ ಒಂದು ಅಂಕಿಯನ್ನೂ ಬದಲಾಯಿಸಲಿಲ್ಲ. ಆ ಮನುಷ್ಯನಿಗೆ ಅಚ್ಚಿನ ಕೆಲಸ ಅಂದರೆ ಪೂಜೆ. ಸಮೀಕರಣಗಳನ್ನೆಲ್ಲ ಮುತ್ತು ಪೋಣಿಸಿದ ಹಾಗೆ ಕೂರಿಸಿದರು. ಆದರೆ ಹೆಸರುಗಳ ಹತ್ತಿರ ಬಂದಾಗ ಅವರ ಕೈ ನಿಂತಿತು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಮದುವೆ ಕಾರ್ಡಿನಲ್ಲಿ ಹೆಸರು ಹಾಕುವುದು ಹುಡುಗಾಟವಲ್ಲ. ಹುಡುಗಿಯ ಹೆಸರು ಇಲ್ಲದಿದ್ದರೂ ನಡೆದೀತು, ಹಿರಿಯರ ಹೆಸರು ಬಿಟ್ಟರೆ ಮುಗಿಯಿತು. ಕತ್ತಲಗೆರೆಯ ಒಂದು ಮದುವೆಯಲ್ಲಿ ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಹೆಸರಿನ ಕೆಳಗೆ ಬಂತೆಂದು ಆ ದೊಡ್ಡಪ್ಪ ಹೋಗಿ ಸೂಳೆಕೆರೆ ಏರಿಯ ಮೇಲೆ ಕೂತುಬಿಟ್ಟರು. ಹೊಸ ಕಾರ್ಡು ಅಚ್ಚಾಗಿ, ಅದನ್ನು ತಟ್ಟೆಯಲ್ಲಿಟ್ಟು, ಜೊತೆಗೆ ಎಲೆ ಅಡಿಕೆ ಇಟ್ಟು ಕೊಟ್ಟ ಮೇಲೆಯೇ ಎದ್ದು ಬಂದದ್ದು. ಬೈಗುಳ ತಿಂದವರು ಯಾರು? ನಮ್ಮ ಭಾವ. ಅಂದಿನಿಂದ ಅವರ ಪ್ರೆಸ್ಸಿನಲ್ಲಿ ಒಂದು ಕಟ್ಟುನಿಟ್ಟು: ಮೊದಲು ಗುರುಗಳು, ಆಮೇಲೆ ಸ್ವರ್ಗಸ್ಥರಾದ ಹಿರಿಯರು, ಆಮೇಲೆ ಇರುವ ಹಿರಿಯರು, ಕಟ್ಟಕಡೆಗೆ ಮದುವೆಯಾಗುವ ಮಕ್ಕಳು.

ಆ ಪ್ರಕಾರವೇ ಭಾವ ಪೇಪರಿನ ಹೆಸರುಗಳನ್ನು ಜೋಡಿಸಿದರು. ಕಡೆಯ ಪುಟದ ಮೂಲೆಯಲ್ಲಿದ್ದ ದಾಸಪ್ಪ ಮೇಷ್ಟ್ರನ್ನು ಎತ್ತಿ ತಂದು ಎಲ್ಲರಿಗಿಂತ ಮೇಲೆ ಕೂರಿಸಿದರು. ಅವರ ಕೆಳಗೆ ತೀರಿಹೋದ ಗೈಡ್. ಎಲ್ಲಕ್ಕಿಂತ ಕೆಳಗೆ ಶಾಂತಲಾ. ಮೂರೂ ಜನಕ್ಕೆ ಪ್ರೆಸ್ಸಿನದೇ ಇಮೇಲ್ ವಿಳಾಸ. ಯುರೋಪಿನ ಒಂದು ಪತ್ರಿಕೆಗೆ ಅದು ಹಾಗೆಯೇ ಹೋಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಪತ್ರಿಕೆಯವರು ಒಪ್ಪಿಕೊಂಡು, ಕೊನೆಯ ಸಲ ನೋಡಿ ಹೇಳಿ ಎಂದು ಪ್ರೂಫ್ ಕಳಿಸಿದಾಗ ಅಕ್ಕ ಹಸಿ ಬಾಣಂತಿ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕೋಣೆಯ ತುಂಬ ಸಾಂಬ್ರಾಣಿ ಹೊಗೆ. ಫೋನು ಅವ್ವನ ಸೊಂಟದಲ್ಲಿ.

“ಬಾಣಂತಿ ಕಣ್ಣಿಗೆ ಆಯಾಸ ಮಾಡಿದ್ರೆ ಮುಂದೆ ಕಣ್ಣೇ ಹೋಗ್ತಾವೆ,” ಎಂದು ಅವ್ವ ಫೋನಿನಲ್ಲಿ ಭಾವನಿಗೇ ಗದರಿದಳು. “ಅದೇನ್ ನೋಡ್ಬೇಕೋ ನೀವೇ ನೋಡ್ರಿ. ದಿನಾ ಅಚ್ಚು ಹಾಕೋರು ನೀವಲ್ಲೇನು?”

ಭಾವ ನೋಡಿದರು. ಎಲ್ಲ ಸರಿಯಿದೆ ಎಂದು ಬರೆದರು. ಅವರ ಪ್ರಕಾರ ಎಲ್ಲ ಸರಿಯಾಗಿಯೇ ಇತ್ತು.

ಅಚ್ಚಾದ ಪೇಪರನ್ನು ಅಕ್ಕ ನೋಡಿದ್ದು ಮಗಳಿಗೆ ಹೆಸರಿಟ್ಟ ದಿನ. ಭಾವ ಅದನ್ನು ದಪ್ಪ ಕಾಗದದ ಮೇಲೆ ಅಚ್ಚು ಹಾಕಿ, ಅಂಚಿಗೆ ಬಂಗಾರದ ಬಣ್ಣ ಬಳಿದು, ತೊಟ್ಟಿಲ ಪಕ್ಕದಲ್ಲಿ ಉಡುಗೊರೆಯ ಹಾಗೆ ಕೊಟ್ಟರು. ಅಕ್ಕನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು.

“ರೀ, ಇದು ಮದ್ವೆ ಕಾರ್ಡಲ್ರೀ!”

“ಗುರುಗಳ ಹೆಸ್ರು ಕೆಳಗೆ ಹಾಕಾಕೆ ಹೆಂಗೆ ಮನಸ್ಸು ಬರ್ತೈತೆ ಹೇಳು. ನೋಡಿದೋರು ಏನಂದಾರು?”

“ನೋಡಿದೋರು ಇದನ್ನ ದಾಸಪ್ಪ ಮೇಷ್ಟ್ರೇ ಮಾಡ್ಯಾರೆ ಅಂತಾರೆ! ಮೊದಲ್ನೇ ಹೆಸ್ರು ಯಾರದೋ ಅವ್ರದ್ದೇ ಕೆಲಸ. ಉಳಿದೋರೆಲ್ಲ ‘ಮತ್ತಿತರರು’. ನಾನು ಬರೆದಿದ್ರಾಗೆ ನಾನೇ ಮತ್ತಿತರರು ಆದ್ನಲ್ರೀ!”

ಭಾವನಿಗೆ ಆಗ ಅರ್ಥವಾಯಿತು. ಪಾಪ, ಆ ದೊಡ್ಡ ದೇಹ ತೊಟ್ಟಿಲ ಪಕ್ಕದಲ್ಲೇ ಕುಸಿದು ಕೂತಿತು. ನನಗೆ ಸಿಟ್ಟು ಬಂದರೂ ನಗುವೂ ತಡೆಯಲಾಗಲಿಲ್ಲ. ಅಕ್ಕ ಒಂದು ವಾರ ಅವರ ಜೊತೆ ಮಾತು ಬಿಟ್ಟಳು, ಆಮೇಲೆ ಮಗುವಿನ ಲಂಗೋಟಿ ಎಲ್ಲಿ ಎಂದು ಕೇಳುವ ನೆಪದಲ್ಲಿ ಮಾತು ಶುರುವಾಯಿತು.

ತಿದ್ದುಪಡಿ ಹಾಕಿಸಬಹುದಿತ್ತು. ಆದರೆ ಅದಕ್ಕೆ ಬದುಕಿರುವ ಲೇಖಕರೆಲ್ಲ ಒಪ್ಪಿ ಸಹಿ ಮಾಡಬೇಕಂತೆ. ಅಂದರೆ ದಾಸಪ್ಪ ಮೇಷ್ಟ್ರಿಗೆ ಹೇಳಬೇಕು. ತ್ಯಾವಣಿಗೆ ಹೈಸ್ಕೂಲಿನಲ್ಲಿ ನಮಗಿಬ್ಬರಿಗೂ ವಿಜ್ಞಾನ ಹೇಳಿದವರು ಅವರು. ನಿವೃತ್ತರಾಗಿ ಸ್ವಂತ ಊರು ಜಗಳೂರಿಗೆ ಹೋಗಿದ್ದರು. ಪಕ್ಕದವರ ಉತ್ತರ ನೋಡಿ ಬರೆದ ಹುಡುಗನ ತಂದೆಯನ್ನು ಕರೆಸಿ, “ನಿಮ್ಮ ಮಗ ಪರರ ಸ್ವತ್ತಿಗೆ ಕೈ ಹಾಕ್ಯಾನೆ,” ಎಂದು ಹೇಳಿದ ಮನುಷ್ಯ. ಮಾಡದ ಕೆಲಸಕ್ಕೆ ಅವರ ಹೆಸರು ಹಾಕಿದ್ದೇವೆ ಎಂದು ಅವರೆದುರು ನಿಂತು ಹೇಳುವ ಧೈರ್ಯ ಅಕ್ಕನಿಗಾಗಲಿ ಭಾವನಿಗಾಗಲಿ ಇರಲಿಲ್ಲ. “ಇರ್ಲಿ ಬಿಡು ಪವಿತ್ರ,” ಎಂದಳು ಅಕ್ಕ. “ಇಂಥಾ ಪೇಪರ್ ಓದೋರು ಲೋಕದಾಗೆ ನಾಕೈದು ಜನ.”

ಎರಡು ಮೂರು ವರ್ಷ ಹಾಗೆಯೇ ಇತ್ತು. ಅಕ್ಕ ಪ್ರತಿ ಆಷಾಢ ಒಂದೊಂದು ಪೇಪರ್ ಬರೆದಳು, ನಿಕ್ಕಲ್, ಕ್ಯಾಲ್ಸಿಯಂ ಎಂದು. ಈಗ ಹೆಸರುಗಳ ಜಾಗವನ್ನು ಅವಳೇ ಟೈಪ್ ಮಾಡುತ್ತಿದ್ದಳು, ಭಾವ ಮೂರು ಮಾರು ದೂರ ನಿಲ್ಲಬೇಕು. ಆ ಪೇಪರುಗಳನ್ನು ಯಾರೂ ಕೇಳಲಿಲ್ಲ. ಆಮೇಲೆ ಏನಾಯಿತೆಂದರೆ, ಸೂರ್ಯನನ್ನು ನೋಡಲು ಹೊಸ ಹೊಸ ಉಪಗ್ರಹಗಳು ಮೇಲೆ ಹೋದವು. ಅವು ಕಳಿಸುವ ಬೆಳಕನ್ನು ಓದಲು ಕಬ್ಬಿಣದ ಲೆಕ್ಕ ಬೇಕು. ಯಾರು ಹುಡುಕಿದರೂ ಕೈಗೆ ಸಿಗುತ್ತಿದ್ದುದು ಅದೊಂದೇ ಪೇಪರು. ಜರ್ಮನಿಯವರು ಉಲ್ಲೇಖಿಸಿದರು, ಜಪಾನಿನವರು ಉಲ್ಲೇಖಿಸಿದರು. ಹತ್ತಿದ್ದದ್ದು ಐವತ್ತಾಯಿತು, ನೋಡನೋಡುತ್ತ ನಾನೂರು ದಾಟಿತು.

ಅವ್ವನಿಗೆ ಸೈಟೇಶನ್ ಅಂದರೇನೆಂದು ನಾನೇ ವಿವರಿಸಿದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹೆಸರು ಹೇಳಿ ಬಳಸಿಕೊಳ್ಳುವುದು ಎಂದೆ.

“ಅಂದ್ರೆ ಬೇರೆ ಊರಿನ್ಯಾಗೆ ಇವಳ ಹೆಸ್ರು ಹಿಡ್ದು ಮಾತಾಡ್ತಾರೆ?”

“ಹ್ಞೂಂ.”

“ಒಳ್ಳೇದು ಮಾತಾಡ್ತಾರೋ ಕೆಟ್ಟದ್ದೋ?”

“ಎಣಿಸೋರು ಅದನ್ನ ಕೇಳಂಗಿಲ್ಲ ಅವ್ವ. ಮಾತಾಡಿದ್ರೆ ಸಾಕು, ಒಂದು ಅಂತ ಎಣಿಸ್ತಾರೆ.”

“ಹಂಗಾರೆ ನಿನ್ನ ಹೆಸ್ರು ಇವಳಿಗಿಂತ ಜಾಸ್ತಿ ಬರಬೇಕಿತ್ತಲ್ಲೇ, ನಿನ್ ಬಾಯಿಗೆ,” ಎಂದಳು ಅವ್ವ. ನೋಡಿ, ಹೆತ್ತ ತಾಯಿ ಆಡುವ ಮಾತೇ ಇದು?

ಆದರೆ ಆ ನಾನೂರು ಕಡೆಯಲ್ಲಿಯೂ ಬರೆದಿದ್ದದ್ದು ‘ದಾಸಪ್ಪ ಮತ್ತಿತರರು’ ಎಂದೇ. ಒಬ್ಬ ಇಟಲಿಯವನಂತೂ ‘ದಾಸಪ್ಪ ಅಂಕಿಗಳು’ ಎಂದು ಹೆಸರೇ ಇಟ್ಟುಬಿಟ್ಟ. ಅಕ್ಕ ಮೊದಮೊದಲು ಅದನ್ನು ತೋರಿಸಿ ನಗುತ್ತಿದ್ದಳು. ಆಮೇಲಾಮೇಲೆ ತೋರಿಸುವುದು ನಿಲ್ಲಿಸಿದಳು. ಅವಳ ನಗು ಕಮ್ಮಿಯಾದದ್ದು ನನ್ನ ಗಮನಕ್ಕೆ ಬಂತು, ಆದರೆ ನಾನೂ ಏನು ಮಾಡಲಿ.

ಹೋದ ವರ್ಷ ಅಕ್ಕ ಪ್ರೊಫೆಸರ್ ಹುದ್ದೆಗೆ ಬಡ್ತಿಯ ಸಂದರ್ಶನಕ್ಕೆ ಹೋದಳು. ಮೇಜಿನ ಆ ಕಡೆ ಐದು ಜನ. ನಡುವೆ ಕೂತವರು ಆ ಪೇಪರನ್ನು ಎತ್ತಿ ಹಿಡಿದು, “ಇದು ದೊಡ್ಡ ಕೆಲಸ. ಈ ದಾಸಪ್ಪ ಅವರು ಯಾವ ಸಂಸ್ಥೆಯಲ್ಲಿದ್ದಾರೆ? ನೀವು ಅವರಿಗೆ ಟೈಪಿಂಗ್ ಏನಾದರೂ ಸಹಾಯ ಮಾಡಿದ್ರಾ?” ಎಂದು ಕೇಳಿದರಂತೆ. ಅಕ್ಕ, “ಲೆಕ್ಕ ನನ್ನದು ಸರ್,” ಎಂದಳಂತೆ. ಐದೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರಂತೆ. ಮೊದಲು ಹೆಸರು ಸರಿಪಡಿಸಿಕೊಂಡು ಬನ್ನಿ, ಆಮೇಲೆ ನೋಡೋಣ ಎಂದು ಕಳಿಸಿದರು.

ಮನೆಗೆ ಬಂದವಳು ಅಡುಗೆಮನೆಯಲ್ಲಿ ಕೂತು ಅತ್ತಳು. ನಮ್ಮಕ್ಕ ಅಳುವವಳಲ್ಲ. ನಾನು ಅವಳು ಅತ್ತದ್ದನ್ನು ನೋಡಿದ್ದು ನಮ್ಮಪ್ಪ ಹೋದಾಗ, ಬಿಟ್ಟರೆ ಅವತ್ತೇ. “ಬಡ್ತಿ ಹೋದ್ರೆ ಹೋಗ್ಲಿ ಪವಿ. ನಾನು ಮಾಡಿದ್ದು ನಂದು ಅಂತ ಹೇಳಿದ್ರೆ ನಗ್ತಾರಲ್ಲೇ,” ಎಂದಳು. ಭಾವ ಬಾಗಿಲಲ್ಲಿ ನಿಂತಿದ್ದರು, ಅವರ ಕಣ್ಣಲ್ಲೂ ನೀರು. ಅವರನ್ನು ಬೈಯಬೇಕೆಂದು ಬಾಯಿ ತೆರೆದವಳು ಹಾಗೆಯೇ ಮುಚ್ಚಿದೆ. ನನ್ನ ಜೀವನದಲ್ಲಿ ಅಪರೂಪದ ಘಟನೆ ಅದು.

ಅದೇ ಹೊತ್ತಿಗೆ ಸರಿಯಾಗಿ ಪ್ರೆಸ್ಸಿನ ಇಮೇಲಿಗೆ ಒಂದು ಆಮಂತ್ರಣ ಬಂತು. ಸೂರ್ಯನ ಬೆಳಕನ್ನು ಅಭ್ಯಾಸ ಮಾಡುವ ಹತ್ತಾರು ದೇಶಗಳ ವಿಜ್ಞಾನಿಗಳು ಆನ್‌ಲೈನಿನಲ್ಲಿ ಸೇರುತ್ತಾರೆ, ಮುಖ್ಯ ಭಾಷಣ ತಾವೇ ಮಾಡಬೇಕು ಎಂದು. ಯಾರಿಗೆ? ‘ಮಾನ್ಯ ಪ್ರೊಫೆಸರ್ ದಾಸಪ್ಪ ಅವರಿಗೆ.’

“ಸಾಕು,” ಎಂದೆ ನಾನು. “ಭಾನುವಾರ ಜಗಳೂರಿಗೆ ಹೋಗೋದೇ. ಬರಂಗಿಲ್ಲ ಅಂದೋರನ್ನ ನಾನೇ ಎಳ್ಕೊಂಡು ಹೋಗ್ತೀನಿ.”

ಮೂವರೂ ಬಾಡಿಗೆ ಕಾರು ಮಾಡಿಕೊಂಡು ಹೋದೆವು. ದಾರಿಯುದ್ದಕ್ಕೂ ಭಾವ, “ನಾನೇ ಹೇಳ್ತೀನಿ, ತಪ್ಪು ನಂದು,” ಎನ್ನುತ್ತ ಬಂದರು. ಜಗಳೂರು ಬರುತ್ತಿದ್ದಂತೆ ದನಿ ಸಣ್ಣಗಾಯಿತು. ಮೇಷ್ಟ್ರ ಮನೆ ಬಾಗಿಲಲ್ಲಿ ಅವರ ಹೆಂಡತಿ ಅಜ್ಜಮ್ಮ ಶೇಂಗಾ ಸುಲಿಯುತ್ತ ಕೂತಿದ್ದರು. “ಬರ್ರಿ ಬರ್ರಿ, ಶಾಂತಲಾ ಅಲ್ಲೇನು? ಅವ್ರು ಒಳಗೆ ರೇಡಿಯೋ ಬಿಚ್ಚಿ ಕುಂತಾರೆ. ಕೆಟ್ಟಿದ್ದಿಲ್ಲ, ಸುಮ್ನೆ ಬಿಚ್ಯಾರೆ,” ಎಂದು ಒಳಗೆ ಕರೆದರು.

ಮೇಷ್ಟ್ರಿಗೆ ಎಂಬತ್ತು ದಾಟಿದೆ. ಬೆನ್ನು ಮಾತ್ರ ಈಗಲೂ ನೆಟ್ಟಗೆ. ಭಾವ ಪೇಪರನ್ನು ಅವರ ಕೈಗೆ ಕೊಟ್ಟು ಎಲ್ಲವನ್ನೂ ಹೇಳಿದರು, ಕಾರ್ಡಿನ ಪದ್ಧತಿಯಿಂದ ಹಿಡಿದು ಸಂದರ್ಶನದ ನಗುವಿನವರೆಗೆ. ಮೇಷ್ಟ್ರು ಕನ್ನಡಕ ಏರಿಸಿ ಮೊದಲ ಪುಟ ನೋಡಿದರು. ತಮ್ಮ ಹೆಸರಿನ ಮೇಲೆ ಬೆರಳಿಟ್ಟರು.

“ಶಾಂತಲಾ,” ಎಂದರು, “ಇದ್ರಾಗೆ ನಾನು ಮಾಡಿದ ಲೆಕ್ಕ ಯಾವುದು ತೋರ್ಸು.”

ಅಕ್ಕ ತಲೆ ತಗ್ಗಿಸಿದಳು. “ಯಾವುದೂ ಇಲ್ಲ ಸರ್.”

“ಹನ್ನೆರಡು ವರ್ಷ ನನ್ನ ಕಳ್ಳನ್ನ ಮಾಡಿ ಇಟ್ಟೀರಿ. ನನಗೇ ಗೊತ್ತಿಲ್ದಂಗೆ!”

ಭಾವ ಕೈ ಮುಗಿದರು. ಅಜ್ಜಮ್ಮ ಮಜ್ಜಿಗೆ ಲೋಟ ಹಿಡಿದು ಅಲ್ಲೇ ನಿಂತರು. ನಾನೇ ಬಾಯಿ ಹಾಕಿದೆ: “ಸರ್, ಬೈಯೋದಿದ್ರೆ ನಮ್ಮ ಭಾವಗೆ ಬೈರಿ. ಅಕ್ಕ ನಿಮಗಿಂತ ಜಾಸ್ತಿ ಅನುಭವಿಸ್ಯಾಳೆ.”

ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಪವಿತ್ರ ಅಲ್ಲೇನು ನೀನು? ಇನ್ನೂ ಬಾಯಿ ಸುಮ್ನಾಗಿಲ್ಲ.” ಆಮೇಲೆ ಅಕ್ಕನಿಗೆ, “ಕೂತ್ಕೊ. ನನ್ನ ಹೆಸ್ರಿನ್ಯಾಗೆ ಏನ್ ಬರ್ದೀಯ ಅಂತ ಮೊದ್ಲು ನನಗೆ ಅರ್ಥ ಆಗ್ಬೇಕು. ಹೇಳು,” ಎಂದರು.

ಅಕ್ಕ ಹೇಳತೊಡಗಿದಳು. ಮೇಷ್ಟ್ರು ಪ್ರತಿ ಸಾಲಿಗೂ ತಡೆದು, “ಯಾಕೆ?” ಎನ್ನುವರು. ಅಕ್ಕ ಮತ್ತೆ ಹಿಂದೆ ಹೋಗಿ ಹೇಳುವಳು. ಮಜ್ಜಿಗೆ ಮುಗಿಯಿತು, ಊಟ ಮುಗಿಯಿತು, ಭಾವ ಗೋಡೆಗೊರಗಿ ಗೊರಕೆ ಹೊಡೆದರು. ಬಿಸಿಲು ಇಳಿಯುವ ಹೊತ್ತಿಗೆ ಮೇಷ್ಟ್ರ ಮುಖದ ಮೇಲೆ ನಾನು ಶಾಲೆಯಲ್ಲಿ ಎಂದೂ ನೋಡದಿದ್ದ ಒಂದು ನಗು ಕಾಣಿಸಿತು. ಪೇಪರ್ ಮಡಿಚಿ ತೊಡೆಯ ಮೇಲಿಟ್ಟುಕೊಂಡು, “ಚೆನ್ನಾಗೈತೆ,” ಎಂದರು. ಅಷ್ಟೇ. ತಿದ್ದುಪಡಿಯ ಕಾಗದಕ್ಕೆ ಸಹಿಯನ್ನೂ ಹಾಕಿಕೊಟ್ಟರು.

ನಮಗೆ ಹೋದ ಜೀವ ಬಂತು ಎನ್ನುವಷ್ಟರಲ್ಲಿ ಅವರು ಕೇಳಿದರು: “ಆ ಭಾಷಣ ಯಾವತ್ತು?”

“ಅವರಿಗೆ ನಾನು ಬರೀತೀನಿ ಸರ್, ನೀವು ಬರಾಕೆ ಆಗಂಗಿಲ್ಲ ಅಂತ,” ಎಂದಳು ಅಕ್ಕ.

“ಯಾಕೆ ಆಗಂಗಿಲ್ಲ? ಕರ್ದಿರೋದು ನನ್ನ. ನಾನೇ ಬರ್ತೀನಿ, ನಾನೇ ಮಾತಾಡ್ತೀನಿ. ಅಲ್ಲೀವರೆಗೂ ಯಾರಿಗೂ ಏನೂ ಬರೀಬ್ಯಾಡ.”

ವಾಪಸು ಬರುವಾಗ ಕಾರಿನಲ್ಲಿ ನನಗೆ ಒಳಗೊಳಗೇ ಕುದಿಯುತ್ತಿತ್ತು. ದಾವಣಗೆರೆ ದಾಟಿದ ಮೇಲೆ ತಡೆಯಲಾಗಲಿಲ್ಲ. “ನೋಡಿದ್ಯಾ ಅಕ್ಕ? ಮುದುಕಗೆ ಆಸೆ ಹತ್ತೈತೆ. ಅಷ್ಟೊತ್ತು ಪಾಠ ಹೇಳಿಸ್ಕೊಂಡಿದ್ದು ಇದಕ್ಕೇ. ಅಲ್ಲಿ ಕೂತು ಎಲ್ಲ ನಂದೇ ಅಂತ ಹೇಳ್ತಾರೆ, ನೋಡ್ತಿರು.”

“ಹಂಗನ್ನಬ್ಯಾಡ,” ಎಂದಳು ಅಕ್ಕ. ಆದರೆ ಅವಳ ದನಿಯಲ್ಲೂ ಗಟ್ಟಿತನ ಇರಲಿಲ್ಲ. ಸಹಿ ಹಾಕಿದ ಕಾಗದ ಕೈಯಲ್ಲಿತ್ತು, ಕಳಿಸುವ ಹಾಗಿರಲಿಲ್ಲ. ಜಗತ್ತಿನ ಆ ವಿಷಯದವರೆಲ್ಲ ಒಂದೇ ಕಡೆ ಸೇರುವ ದಿನ ದಾಸಪ್ಪನವರು ತಾವೇ ದಾಸಪ್ಪ ಎಂದು ಕೂತು ಮಾತಾಡಿಬಿಟ್ಟರೆ, ಆಮೇಲೆ ಯಾವ ಮೂಲೆಯಲ್ಲಿ ಯಾವ ತಿದ್ದುಪಡಿ ಬಂದರೂ ಯಾರು ನಂಬುತ್ತಾರೆ?

ಆ ದಿನ ಬಂತು. ವೈಶಾಖದ ಲಗ್ನಗಳ ನಡುವೆ ಭಾವ ಪ್ರೆಸ್ಸಿನ ಬಾಗಿಲು ಅರ್ಧ ಎಳೆದು, ಹೊರಗೆ ‘ನಾಳೆ ಬನ್ನಿ’ ಎಂದು ಬೋರ್ಡು ನೇತುಹಾಕಿದರು. ಮಧ್ಯಾಹ್ನ ಮೇಷ್ಟ್ರೂ ಅಜ್ಜಮ್ಮನೂ ಬಂದಿಳಿದರು. ಮೇಷ್ಟ್ರು ಆ ಸೆಕೆಯಲ್ಲೂ ಕರಿ ಕೋಟು ತೊಟ್ಟಿದ್ದರು, ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ್ದರು. ಥೇಟ್ ಬೀಗರ ಠೀವಿ. ಅವ್ವನೂ ತ್ಯಾವಣಿಗೆಯಿಂದ ಬಂದಿದ್ದಳು, ಬೇರೆ ಊರಿನವರು ಮಾತಾಡುವುದನ್ನು ಕಣ್ಣಾರೆ ನೋಡಲು. ಅಕ್ಕ ಗೋಡೆಯ ಕಡೆ ಸ್ಟೂಲಿನ ಮೇಲೆ, ಕ್ಯಾಮೆರಾಗೆ ಕಾಣದ ಹಾಗೆ ಕೂತಳು. ಬೇಕಾದೀತೆಂದು ಚಿತ್ರಗಳನ್ನು ಸಿದ್ಧ ಮಾಡಿಟ್ಟಿದ್ದಳು. ನಾನು ಅವಳ ಕೈ ಹಿಡಿದುಕೊಂಡೆ.

ಸಂಜೆ ಪರದೆಯ ಮೇಲೆ ಮುಖಗಳು ಒಂದೊಂದಾಗಿ ಬಂದವು. ಬಿಳಿ ಗಡ್ಡದವರು, ಬೋಳು ತಲೆಯವರು, ಕಾಫಿ ಕುಡಿಯುತ್ತಿರುವವರು. ಅಧ್ಯಕ್ಷೆಯಾಗಿದ್ದ ಒಬ್ಬ ಜರ್ಮನ್ ಹೆಂಗಸು, ನಮ್ಮ ಕ್ಷೇತ್ರದಲ್ಲಿ ಈ ಹೆಸರು ಗೊತ್ತಿಲ್ಲದವರಿಲ್ಲ, ಆದರೆ ಇವತ್ತಿನವರೆಗೆ ಯಾರೂ ಇವರ ಮುಖ ನೋಡಿರಲಿಲ್ಲ, ಪ್ರೊಫೆಸರ್ ದಾಸಪ್ಪ ಎಂದು ಪರಿಚಯಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅಳು ಬಂದಂತಾಯಿತು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಎದ್ದು ನಿಂತರು. ಕ್ಯಾಮೆರಾದಲ್ಲಿ ಅವರ ಕೋಟಿನ ಗುಂಡಿ ಮಾತ್ರ ಕಾಣಿಸಿತು. ಭಾವ ಓಡಿಹೋಗಿ ಕ್ಯಾಮೆರಾ ಎತ್ತಿ ಹಿಡಿದರು. ನಿಧಾನವಾಗಿ, ಪಾಠ ಹೇಳುವ ಇಂಗ್ಲಿಷಿನಲ್ಲಿ ಅವರು ಮಾತಾಡಿದರು.

“ನನ್ನ ಹೆಸರು ದಾಸಪ್ಪ. ಜಗಳೂರಿನವನು. ನಾನು ಪ್ರೊಫೆಸರ್ ಅಲ್ಲ, ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನೀವು ಹನ್ನೆರಡು ವರ್ಷದಿಂದ ಬಳಸುತ್ತಿರುವ ಆ ಪೇಪರಿನಲ್ಲಿ ಒಂದು ಅಂಕಿಯೂ ನನ್ನದಲ್ಲ. ನನ್ನ ಮೇಲಿನ ಮರ್ಯಾದೆಗೆ ನನ್ನ ಹೆಸರನ್ನು ಮೇಲೆ ಹಾಕಿಬಿಟ್ಟರು. ನಮ್ಮ ಕಡೆ ಹಾಗೆ. ನನಗೆ ಅದು ಗೊತ್ತಾದದ್ದು ಮೊನ್ನೆ.”

ಪರದೆಯ ಮೇಲೆ ಕಾಫಿ ಕಪ್ಪುಗಳು ಬಾಯಿಯ ಹತ್ತಿರವೇ ನಿಂತವು.

“ಕಾಗದ ಬರೆದು ತಿದ್ದಬಹುದಿತ್ತು. ಅದನ್ನೂ ಬರೆದಿದ್ದೇನೆ, ಇವತ್ತೇ ಹೋಗುತ್ತದೆ. ಆದರೆ ಕಾಗದ ಎಲ್ಲರೂ ಓದುವುದಿಲ್ಲ. ನೀವೆಲ್ಲ ಒಂದೇ ಕ್ಲಾಸಿನಲ್ಲಿ ಸಿಗುವುದು ಇವತ್ತು ಮಾತ್ರ. ಅದಕ್ಕೇ ಬಂದೆ. ಆ ಲೆಕ್ಕ ಮಾಡಿದವಳು ನನ್ನ ವಿದ್ಯಾರ್ಥಿನಿ. ಅವಳ ಹೆಸರು ಶಾಂತಲಾ. ನೀವು ತಪ್ಪು ಹೆಸರನ್ನು ಬಹಳ ಸಲ ಹೇಳಿದ್ದೀರಿ, ಈಗ ಸರಿಯಾದದ್ದನ್ನು ಬಾಯಿಪಾಠ ಮಾಡಬೇಕು. ರಿಪೀಟ್ ಆಫ್ಟರ್ ಮಿ: ಶಾಂತಲಾ.”

ಒಬ್ಬ ಜಪಾನಿನವನು ಮಾತ್ರ ನೆಟ್ಟಗೆ ಕೂತು, “ಶಾಂತರಾ,” ಎಂದ.

“ಆಲ್ ಟುಗೆದರ್,” ಎಂದು ಮೇಷ್ಟ್ರು ಮೇಜು ಕುಟ್ಟಿದರು. “ಹಿಂದಿನವರಿಗೆ ಕೇಳಿಸಬೇಕು.”

“ಶಾಂತಲಾ!” ಎಂದರು ಎಲ್ಲರೂ. ಒಬ್ಬೊಬ್ಬರ ದನಿ ಒಂದೊಂದು ಕ್ಷಣಕ್ಕೆ ಬಂತು, ದೂರದಿಂದ ಬರುವ ದನಿಗಳಲ್ಲವೇ. ಕೆಲವರು ನಗುತ್ತಿದ್ದರು, ಆ ಜರ್ಮನ್ ಹೆಂಗಸು ನಗುತ್ತ ಕಣ್ಣೊರೆಸಿಕೊಂಡಳು. ಮೇಷ್ಟ್ರು ಮತ್ತೊಮ್ಮೆ ಹೇಳಿಸಿದರು. ಈ ಸಲ ಚನ್ನಗಿರಿಯ ಪ್ರೆಸ್ಸಿನಲ್ಲಿ ಅವ್ವ, ಅಜ್ಜಮ್ಮ, ಕ್ಯಾಮೆರಾ ಹಿಡಿದ ಭಾವ ಎಲ್ಲರೂ ಸೇರಿಕೊಂಡರು. ನಾನು ಎಲ್ಲರಿಗಿಂತ ಜೋರಾಗಿ ಕೂಗಿದೆ. ಮುದುಕನಿಗೆ ಆಸೆ ಎಂದ ನನ್ನ ಬಾಯಿಗೆ ಅಷ್ಟಾದರೂ ಕೆಲಸ ಇರಲಿ ಎಂದು.

ಅಕ್ಕ ಸ್ಟೂಲಿನ ಮೇಲೆಯೇ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಮೇಷ್ಟ್ರು ಕುರ್ಚಿ ಹಿಂದಕ್ಕೆ ಸರಿಸಿ, “ಏಯ್, ಬಾ ಇಲ್ಲಿ, ಕೂತ್ಕೊ. ಎಲ್ರೂ ಕಾಯಾಕೆ ಹತ್ಯಾರೆ,” ಎಂದರು. ಅವಳು ಬಂದು ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಮೊದಲ ಚಿತ್ರ ತೆಗೆದಳು, ಶುರು ಮಾಡಿದಳು. ಒಂದು ಗಂಟೆ ಮಾತಾಡಿದಳು. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ, ಆದರೂ ಕಣ್ಣು ಕೀಳದೆ ನೋಡುತ್ತ ಕೂತೆ.

ಮುಗಿದ ಮೇಲೆ ಆ ಜರ್ಮನ್ ಹೆಂಗಸು ಮೊದಲ ಪ್ರಶ್ನೆ ಕೇಳಿದಳು. “ಡಾಕ್ಟರ್ ಶಾಂತಲಾ, ಕಬ್ಬಿಣ ಬಿಡುವ ಹಸಿರು ಬೆಳಕಿನ ಗೆರೆಯ ಬಗ್ಗೆ ನಿಮ್ಮ ಈ ಅಂಕಿಗಳು…” ಎಂದು ಶುರು ಮಾಡಿ, ತಡೆದು, “ಇವು ನಿಮ್ಮವೇ ಅಲ್ಲವೇ?” ಎಂದು ನಕ್ಕಳು.

“ಹೌದು,” ಎಂದಳು ನಮ್ಮಕ್ಕ. “ನನ್ನವು.”

ಈ ಸಲ ಯಾರೂ ನಗಲಿಲ್ಲ.